ಶಶಿಕಲಾಳ ಬುಕ್ ಕೀಪಿಂಗ್ ಪರೀಕ್ಷೆ

ಹದಿನಾರು ಗ್ರಾಮ
೬-೧೦-೨೦೦೧

ಬೀಗರಾದ ಪುಟ್ಟಮಾದಯ್ಯಣ್ಣನವರಿಗೆ ಮರಿತಾಯಮ್ಮ ಮಾಡುವ ನಮಸ್ಕಾರ.

ಹದಿನಾಲ್ಕನೇ ತಾರೀಕು ಭಾನುವಾರ ಬಂದು ಮಗಳನ್ನು ತಗಡೂರಿಗೆ ಕರೆದುಕೊಂಡು ಹೋಗುತ್ತೇನೆಂದು ಬರೆದಿದ್ದೀರಿ. ಗಂಡನಿಲ್ಲದ ಮನೆಯಲ್ಲಿ ಅವಳೇಕೆ ಇರಬೇಕು ಎಂಬ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಶಶಿಕಲಾ ನಂಜನಗೂಡಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬುಕ್ ಕೀಪಿಂಗ್ ಕಲಿಯುತ್ತಿದ್ದಾಳೆ. ಜೂನಿಯರ್ ಪರೀಕ್ಷೆ ಮುಂದಿನ ತಿಂಗಳು ಮೈಸೂರಿನಲ್ಲಿದೆ.

ನನ್ನ ಮಗ ಜಗನ್ ತೀರಿಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೂ ಮಾತೇ ಆಡುತ್ತಿರಲಿಲ್ಲ. ಈಗ ಅವಳು ಮುದ್ದೆ ತೊಳಸುತ್ತಾ, “ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ” ಎಂದು ಲೆಕ್ಕ ಬರೆಯುವ ಸೂತ್ರವನ್ನು ಜೋರಾಗಿ ಬಾಯಿಪಾಠ ಮಾಡುತ್ತಾಳೆ. ಕೇಳಿ ಕೇಳಿ ನನಗೂ ಬಂದುಬಿಟ್ಟಿದೆ. ಹೊಸದಾಗಿ ಸೇರಿದವರಿಗೆ ಹೇಳಿಕೊಡಲು ಮೇಷ್ಟ್ರು ಅವಳನ್ನೇ ಕರೆಯುತ್ತಾರಂತೆ.

ಮೊನ್ನೆ ಪಕ್ಕದ ಮನೆ ಚಿಕ್ಕತಾಯಿ, “ಗಂಡ ಓಗಿ ವರ್ಸ ತುಂಬಿಲ್ಲ, ಇಸ್ತ್ರಿ ಸೀರೆ ಉಟ್ಕಂಡು ದಿನಾ ಬಸ್ ಅತ್ತುತಾಳಲ್ಲ ನಿನ್ ಸೊಸೆ?” ಅಂದಳು.

“ಇಸ್ತ್ರಿ ಮಾಡ್ದೋಳು ನಾನೇ ಕಣವ್ವ. ನಿಂದೂ ಇದ್ರೆ ಕೊಡು” ಅಂದೆ.

ಭಾನುವಾರ ಖಂಡಿತ ಬನ್ನಿ, ಊಟ ಮಾಡಿಕೊಂಡು ಹೋಗಿ. ಅವಳಿಗೆ ‘ಹೊರಡು’ ಎಂದು ಮಾತ್ರ ಹೇಳಬೇಡಿ. ನೀವು ಹೇಳಿದರೆ ಅವಳು ಎದುರು ಮಾತನಾಡುವುದಿಲ್ಲ, ಎದ್ದು ಬಂದುಬಿಡುತ್ತಾಳೆ. ಮೈಸೂರಿಗೆ ಒಬ್ಬಳೇ ಹೋಗಿ ಅವಳಿಗೆ ಅಭ್ಯಾಸವಿಲ್ಲ. ಪರೀಕ್ಷೆಯ ದಿನ ನೀವೇ ಜೊತೆಗೆ ಹೋಗಿಬನ್ನಿ.

ಆಮೇಲೆ ಎಲ್ಲಿರಬೇಕೆಂಬುದನ್ನು ಅವಳೇ ಹೇಳಲಿ. ತಗಡೂರು ಎಂದರೆ, ಅವಳ ಪೆಟ್ಟಿಗೆಯನ್ನು ನಾನೇ ಬಸ್ಸಿಗೆ ಹತ್ತಿಸುತ್ತೇನೆ.

ಇಂತಿ,
ನಿಮ್ಮ ತಂಗಿಯಂತಿರುವ
ಮರಿತಾಯಮ್ಮ