ಈದ್ ಬೆಳಗಿನ ಕರೆ

ರಬಾಬ್,

ನಿನ್ನ ಬರಹಗಳನ್ನು ಆನ್‌ಲೈನ್ ಅಪರಾಧವೆಂದು ಸರ್ಕಾರದವರು ಕರೆದ ಮೇಲೆ ನೀನು ಅಡಗಿಕೊಂಡು ಒಂದು ವರ್ಷವಾಯಿತು. ಇವತ್ತು ನಾನು ಪೊಲೀಸ್ ಅಧಿಕಾರಿಗಳಿಗೆ ಪಾಠ ಮಾಡುವ ತರಗತಿಯಲ್ಲಿ ಲೆಫ್ಟಿನೆಂಟ್ ಹೈಸಮ್ ತನ್ನ ಅಭ್ಯಾಸದ ಕೆಲಸ ತೋರಿಸಿದ. ತೆರೆಯ ಮೇಲೆ ನಿನ್ನ ತಾಯಿಯ ಫೋನ್ ನಂಬರ್ ಇತ್ತು.

"ನೀವೇ ಹೇಳಿಕೊಟ್ಟಿದ್ದಲ್ವಾ ಡಾಕ್ಟೋರಾ ಮೇಡಂ? ಅಡಗಿದವರು ಸಿಮ್ ಬದಲಾಯಿಸ್ತಾರೆ, ಹೆಸರು ಬದಲಾಯಿಸ್ತಾರೆ, ಈದ್ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡೋದು ಮಾತ್ರ ಬಿಡಲ್ಲ ಅಂತ. ಹೋದ ಎರಡು ಈದ್‌ನಲ್ಲೂ ನಮಾಜ್ ಮುಗಿದ ತಕ್ಷಣ ಹೊಸ ನಂಬರಿಂದ ಕರೆ ಬಂದಿದೆ. ಈ ಸಲ ಕರೆ ಬಂದ ಜಾಗ ಹಿಡಿಯೋಕೆ ಕಾಯ್ತಾ ಕೂತಿರ್ತೀವಿ."

ಹಿಂದಿನ ಸಾಲಿನವನೊಬ್ಬ, "ಅಮ್ಮ 'ಹಬ್ಬದ ಕಹ್ಕ್ ಬಿಸ್ಕತ್ತು ತಿಂದ್ಯೇನೇ' ಅಂತ ಕೇಳೋ ಹೊತ್ತಿಗೆ ನಾವು ಮಗಳ ಬಾಗಿಲು ತಟ್ತಿರ್ತೀವಿ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಹೈಸಮ್ ಗಮನಿಸುತ್ತಿದ್ದ.

ಆ ಪಾಠ ಬರೆಯುವಾಗ ನನ್ನ ಕಣ್ಣ ಮುಂದಿದ್ದದ್ದು, ನಾವಿಬ್ಬರೂ ಓದುವಾಗ ಇದ್ದ ಹಾಸ್ಟೆಲಿನಲ್ಲಿ ಈದ್ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಫೋನಿಗೆ ಓಡುತ್ತಿದ್ದ ನೀನು.

ಈದ್ ನಾಡಿದ್ದು. ನೀನೆಲ್ಲಿದ್ದೀಯೋ ನನಗೆ ಗೊತ್ತಿಲ್ಲ. ನನ್ನ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ ಈದ್ ದಿನ ಫೋನ್ ಆಫ್ ಮಾಡಿಡಿ ಎಂದು ನಿನ್ನ ತಾಯಿಗೆ ಹೇಳಿ ಬರಬಹುದು. ಆದರೆ ಆ ಬೀದಿಯ ಕ್ಯಾಮೆರಾ ನನ್ನ ಮುಖವನ್ನು ಗುರುತು ಹಿಡಿಯುತ್ತದೆ.

ಮಧ್ಯಾಹ್ನದಿಂದ ಎರಡು ಸಲ ಚಪ್ಪಲಿ ಮೆಟ್ಟಿಕೊಂಡೆ. ಎರಡು ಸಲವೂ ಬಾಗಿಲಲ್ಲೇ ಬಿಚ್ಚಿಟ್ಟೆ.