ಗುರುತು ಬಿಡದೆ ಹೊಲಿದ ತೊಡೆ

ಗಣಿಯೂರು
2263ನೇ ಇಸವಿ, ಹದಿಮೂರನೇ ತಿಂಗಳು, ನಲವತ್ತೊಂದನೇ ತಾರೀಕು

ಇನ್ನೂರು ಚಿಲ್ಲರೆ ವರ್ಷ ಹಿಂದಿರುವ ಹಿರಿಯರಿಗೆ,

ತಾರೀಕು ನೋಡಿ ನಗಬೇಡಿ. ಸುಡುವ ದಿನಗಳನ್ನೆಲ್ಲ ಉಳಿದ ತಿಂಗಳುಗಳಿಂದ ಕಿತ್ತು ಒಂದು ಕಡೆ ಗುಡ್ಡೆ ಹಾಕಿ, ಅದಕ್ಕೆ ಹದಿಮೂರನೇ ತಿಂಗಳು ಅಂತ ಹೆಸರಿಟ್ಟುಕೊಂಡಿದ್ದೇವೆ. ಅದಕ್ಕೆ ತೊಂಬತ್ತು ದಿನ. ನನ್ನ ಕನ್ನಡವೂ ನಿಮಗೆ ಎಡವಟ್ಟಾಗಿ ಕೇಳಿಸಬಹುದು. ನಿಮ್ಮ ಕಾಲದ ಪುಸ್ತಕ ಓದಿ ಕಲಿತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಸಪ್ಪಲಮ್ಮ, ಶಸ್ತ್ರವೈದ್ಯೆ. ಕೋಲಾರದ ಹಳೆಯ ಚಿನ್ನದ ಗಣಿಯೊಳಗೆ ನಮ್ಮ ವಾಸ. ವೈದ್ಯರು ಮೇಲಿನ ಅಂತಸ್ತಿನಲ್ಲಿದ್ದೇವೆ. ಏಳು ಅಂತಸ್ತು ಕೆಳಗೆ ಕ್ಯಾನ್ಸರ್ ಸುಡುವ ಕಿರಣಮನೆ ಇದೆ, ಅಲ್ಲಿಯ ಬಂಡೆ ಕಿರಣವನ್ನು ಆಚೆ ಬಿಡುವುದಿಲ್ಲ. ಅಲ್ಲಿ ದುಡಿಯುವವರನ್ನು ಕಿರಣದವರು ಅನ್ನುತ್ತೇವೆ. ಅವರ ಮೈಯಿಂದ ಕಿರಣ ಅಂಟುತ್ತದೆಂದು ಯಾರೂ ಅವರನ್ನು ಮನೆಯೊಳಗೆ ಸೇರಿಸುವುದಿಲ್ಲ. ಹಾಗೆ ಅಂಟುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರ ಕೈಯ ನೀರು ಕುಡಿದವಳಲ್ಲ. ಜಾತಿ ಹೋಯಿತೆಂದು ಬೀಗುತ್ತೇವೆ, ಹೋದದ್ದು ಹಳೆಯ ಹೆಸರುಗಳು ಮಾತ್ರ.

ಇನ್ನೊಂದು ಪದ್ಧತಿ ಹೇಳಬೇಕು. ನಮಗೆ ಲೋಹದ ಬರ. ಹೆಣದ ಜೊತೆ ಒಂದು ಸೂಜಿ ಮಣ್ಣಿಗೆ ಹೋದರೂ ಮನೆತನದ ಮರ್ಯಾದೆ ಹೋದ ಹಾಗೆ. ಅದಕ್ಕೇ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ವೈದ್ಯರು ಕ್ಲಿಪ್ಪು, ಸೂಜಿ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಮನೆಯವರ ಮುಂದೆ ಹಿಡಿಯಬೇಕು. ಒಳಗೆ ಏನೂ ಉಳಿದಿಲ್ಲ ಎಂದು ಅದರ ಅರ್ಥ. ಇದನ್ನು ತಟ್ಟೆದರ್ಶನ ಅನ್ನುತ್ತೇವೆ.

ನನ್ನ ತಂಗಿ ಮುನಿರತ್ನ ಏಣಿಯವಳು, ಅಂತಸ್ತಿನಿಂದ ಅಂತಸ್ತಿಗೆ ಔಷಧಿ, ಪತ್ರ ಮುಟ್ಟಿಸುವ ಕೆಲಸ. ಅವಳ ಎಡತೊಡೆಯಲ್ಲಿ ನೋಯದ ಗಂಟೊಂದು ಎದ್ದಿತು. ನೋಯದ ಕಾರಣ ಅವಳು ತೋರಿಸಲೂ ಇಲ್ಲ. ನನ್ನ ಕಣ್ಣಿಗೆ ಬೀಳುವಾಗ ಮೋಸಂಬಿಯಷ್ಟಾಗಿತ್ತು. ಮಾಂಸ, ಕೊಬ್ಬು, ನರದ ಸುತ್ತಿನ ಮೆದು ಭಾಗದಲ್ಲಿ ಹುಟ್ಟುವ ಕ್ಯಾನ್ಸರ್, ನೀವು ಸಾರ್ಕೋಮ ಅನ್ನುತ್ತಿದ್ದಿರಿ. ಕಾಲನ್ನೇ ತೆಗೆದುಬಿಡೋಣವೆಂದೆ. “ಕಾಲಿಲ್ದಿದ್ರೆ ಏಣಿ ಹತ್ತೋದೆಂಗಕ್ಕಾ? ಗಂಟ್ ಮಾತ್ರ ತೆಗ್ದಾಕು,” ಅಂದಳು. ಅದಕ್ಕೂ ದಾರಿಯಿತ್ತು, ನಿಮ್ಮಿಂದಲೇ ಬಂದ ದಾರಿ. ಸುತ್ತಲಿನ ಒಳ್ಳೆಯ ಮಾಂಸದ ಸಮೇತ ಗಂಟನ್ನು ಕೊಯ್ದು ತೆಗೆಯುವುದು, ಗಾಯ ಮಾಗಿದ ಮೇಲೆ ಆ ಜಾಗಕ್ಕೆ ಆರು ವಾರ ಕಿರಣ ಕೊಟ್ಟು ಅಳಿದುಳಿದದ್ದನ್ನು ಸುಡುವುದು. ನಾನು ಚೆನ್ನಾಗಿಯೇ ಕೊಯ್ದೆ. ಆಳದಲ್ಲಿ, ದೊಡ್ಡ ನರದ ಪಕ್ಕ ಮಾತ್ರ ಒಳ್ಳೆಯ ಮಾಂಸ ಹೆಚ್ಚು ಸಿಗಲಿಲ್ಲ. ಕಿರಣ ನೋಡಿಕೊಳ್ಳುತ್ತದೆ ಅಂದುಕೊಂಡೆ. ಕ್ಲಿಪ್ಪುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಹೊರತೆಗೆದು ಅವ್ವನಿಗೆ ತಟ್ಟೆ ತೋರಿಸಿದೆ. ಅವ್ವ ಕಣ್ಣಿಗೊತ್ತಿಕೊಂಡಳು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಈಗ ನೆನೆದರೆ ಮೈ ಉರಿಯುತ್ತದೆ. ಕಿರಣಮನೆಗೆ ಕಳಿಸಿದ ಚೀಟಿಯಲ್ಲಿ ಬರೆದದ್ದು ಎರಡೇ ಮಾತು: ಎಡತೊಡೆ, ಕೊಯ್ದಾಗಿದೆ.

ಹದಿನಾಲ್ಕು ತಿಂಗಳಿಗೆ ಗಂಟು ಮರಳಿತು. ಆ ಸುದ್ದಿ ಕೇಳಿ ಕಿರಣ ಬಿಡುವ ಗಂಗುಲಪ್ಪ, ಎಪ್ಪತ್ತರ ಮುದುಕ, ಏಳು ಅಂತಸ್ತು ಹತ್ತಿ ಬಂದು ನಮ್ಮ ಹೊಸಿಲಾಚೆ ನಿಂತ. ಕೂತ್ಕೋ ಅನ್ನಲಿಲ್ಲ ನಾನು. “ಮೇಲಿನ್ ಹೊಲಿಗೆ ನೋಡ್ಕೊಂಡು ಅಂದಾಜ್‌ನಾಗೆ ಬಿಟ್ಟೆ ಕಣಮ್ಮಾ. ನಾಕು ಕ್ಲಿಪ್ಪು ಗುರುತಿಗೆ ಒಳಗೇ ಬಿಟ್ಟಿದ್ರೆ ಗಂಟಿದ್ದ ಜಾಗ ಚಿತ್ರದಾಗೆ ಕಾಣ್ಸೋದು, ಅಲ್ಲೀಗಂಟ ಬಿಡ್ತಿದ್ದೆ. ಕೇಳಾನ ಅಂದ್ರೆ ನೀವು ಬಾಗ್ಲಿಗೇ ಸೇರ್ಸಲ್ಲ,” ಅಂದ. ಕಿರಣ ಮುಗಿದ ಗೆರೆಯಿಂದ ಎರಡು ಬೆರಳು ಆಚೆಗೆ, ಅದೇ ನರದ ಪಕ್ಕ ಗಂಟು ಹುಟ್ಟಿತ್ತು. ಈಗ ಎರಡೂ ಶ್ವಾಸಕೋಶಕ್ಕೆ ಹಬ್ಬಿದೆ. ನನ್ನ ಚಾಕುವಿಗೂ ಅವನ ಕಿರಣಕ್ಕೂ ಇನ್ನು ಅಲ್ಲಿ ಕೆಲಸವಿಲ್ಲ.

ನಿಮ್ಮ ಪುಸ್ತಕ ಹುಡುಕಿ ಓದಿದೆ. ಕೊಯ್ಯುವವರೂ ಕಿರಣ ಕೊಡುವವರೂ ಚಾಕು ಮುಟ್ಟುವ ಮೊದಲೇ ಒಂದೇ ಮೇಜಿಗೆ ಕೂತು, ಚಿತ್ರ ನೋಡಿ, ಮೊದಲು ಕಿರಣವೋ ಕೊಯ್ಯುವುದೋ ಎಂದು ಮಾತಾಡಿಕೊಳ್ಳುತ್ತಿದ್ದಿರಂತೆ. ಒಂದು ಮೇಜು, ಎರಡು ಕುರ್ಚಿ! ನನ್ನ ತಂಗಿಗೆ ಬೇಕಾಗಿದ್ದದ್ದು ಅಷ್ಟೇ. ದಯವಿಟ್ಟು ಆ ಮೇಜು ಬಿಟ್ಟು ಏಳಬೇಡಿ. ಗಂಟು ಬಂದವರು ನಿಮ್ಮಲ್ಲಿದ್ದರೆ, ನೀವಿಬ್ಬರೂ ಮಾತಾಡಿದ್ದೀರಾ ಎಂದು ವೈದ್ಯರನ್ನು ಕೇಳಲಿ. ಇದನ್ನು ಬೇಡುವಾಗಲೂ ನನಗೆ ಭರವಸೆಯಿಲ್ಲ. ಒಂದಲ್ಲ ಒಂದು ದಿನ ನೀವು ಎದ್ದು ಹೋದಿರಿ, ಇಲ್ಲವಾದರೆ ನಾನು ಹೀಗೆ ಬರೆಯುತ್ತಿರಲಿಲ್ಲ.

ಶ್ವಾಸಕೋಶಕ್ಕೆ ಹಬ್ಬಿದ್ದನ್ನು ರತ್ನಳಿಗೆ ಇನ್ನೂ ಹೇಳಿಲ್ಲ. ಗಂಟು ಮರಳಿದೆ ಅಂದರೆ ಅಕ್ಕ ಮತ್ತೆ ಕೊಯ್ಯುತ್ತಾಳೆ ಅಂದುಕೊಂಡಿದ್ದಾಳೆ. ಕಾಲು ತೊಳೆದು, ಜಡೆ ಬಿಗಿದು, ಬೆಳಗಿನಿಂದ ಚಾಪೆಯ ಮೇಲೆ ಕೂತಿದ್ದಾಳೆ. ಕೊಯ್ಯುವ ದಿನ ಹೊಟ್ಟೆ ಖಾಲಿಯಿರಬೇಕೆಂದು ಒಂದು ಗುಟುಕು ನೀರೂ ಕುಡಿದಿಲ್ಲ. “ನೀನ್ ಕುಯ್ಯೋದಾದ್ರೆ ನಂಗ್ ಭಯಾನೇ ಇಲ್ಲ ಅಕ್ಕಾ,” ಅಂದಳು.

ಎದ್ದು ಹೋಗಿ ಅವಳಿಗೆ ಊಟ ಬಡಿಸಬೇಕು.

ಸಪ್ಪಲಮ್ಮ