ಮೈನಸ್ ಎಂಬತ್ತೆರಡು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಂಚಕ್ಕೆ ಹಲಗೆ ಹಾಕಿಸಿಕೋ ಎಂದು ಬರೆದಿದ್ದೆ. ಹಾಕಿಸಿಕೊಂಡೆಯಾ, ಇಲ್ಲ ಎಂದಿನಂತೆ ನಾಳೆ ನೋಡೋಣ ಎಂದು ಸುಮ್ಮನಾದೆಯಾ? ನಕ್ಷತ್ರಗಳ ಸದ್ದು ಕೇಳಿಸಿಕೊಳ್ಳುವ ನಿಮ್ಮ ರೇಡಿಯೊ ದೂರದರ್ಶಕದ ದೊಡ್ಡ ತಟ್ಟೆಯ ಸುತ್ತ ಮೊಬೈಲೂ ಬೇಡ, ವೈಫೈಯೂ ಬೇಡ ಎಂದು ನಿಯಮ ಮಾಡಿದವರನ್ನು ನಾನು ಬೈಯುವುದಿಲ್ಲ. ಆಸ್ಪತ್ರೆಯ ಆರು ಮಹಡಿಗೆ ವೈಫೈ ಹಂಚುವ ಕೆಲಸದವಳಿಗೆ, ಅದಿಲ್ಲದ ಜಾಗ ಒಂದಾದರೂ ಇದೆಯಲ್ಲ ಎಂದು ಹೊಟ್ಟೆಕಿಚ್ಚು, ಅಷ್ಟೇ. ವಾರಕ್ಕೊಮ್ಮೆ ಬರುವ ಟಪಾಲಿನ ವ್ಯಾನಿಗೆ ಕಾಯುವುದೊಂದೇ ಬೇಜಾರು.

ನಾನು ಚೆನ್ನಾಗಿದ್ದೇನೆ, ಅಂದರೆ ಎದ್ದು ಓಡಾಡುತ್ತಿದ್ದೇನೆ. ಅಪ್ಪನ ಊಟ, ನಡಿಗೆ ಎಲ್ಲ ಸರಿಯಾಗಿದೆ. ಮರೆವು ಮಾತ್ರ ಜಾಸ್ತಿಯಾಗಿದೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಒಂದೇ ಪ್ರಶ್ನೆ: “ತಂತೀನೇ ಇಲ್ವಲ್ಲಮ್ಮ, ಅದು ಹೇಗೆ ಬರುತ್ತೆ?” ನಾನೂ ದಿನಾ ಹೇಳುತ್ತೇನೆ. ತಂತಿ ಕಟ್ಟಡದ ಒಳಗಿನವರೆಗೆ ಬರುತ್ತದೆ ಅಪ್ಪ, ಅಲ್ಲಿಂದ ಮುಂದೆ ಚಾವಣಿಗೆ ಹಾಕಿದ ಡಬ್ಬಿ ರೇಡಿಯೊ ಹಾಗೆ ಮಾತಾಡುತ್ತದೆ, ಫೋನು ಕೇಳಿಸಿಕೊಂಡು ತಿರುಗಿ ಉತ್ತರ ಕೊಡುತ್ತದೆ. ದೂರ ಹೋದಷ್ಟೂ ದನಿ ಸಣ್ಣಗಾಗುತ್ತದೆ. ಗೋಡೆ ಸ್ವಲ್ಪ ನುಂಗುತ್ತದೆ, ಕಬ್ಬಿಣ ಬಹಳ ತಡೆಯುತ್ತದೆ. ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು, ಉಳಿದವರು ಸರದಿ ಕಾಯಬೇಕು. ಅಷ್ಟಕ್ಕೆ ಅಪ್ಪ, “ಹಾಗಾದ್ರೆ ನಮ್ಮನೇಲಿ ಬರೀ ನಿಮ್ಮಮ್ಮನ ಸರದಿ” ಎನ್ನುತ್ತಾರೆ. ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಲವತ್ತನೆಯ ಸಲ ನಗು ಬರುವುದಿಲ್ಲ ಅಣ್ಣಾ. ಆದರೂ ನಗುತ್ತೇನೆ.

ಬುಧವಾರ ನಡೆದದ್ದನ್ನು ಬರೆಯಬೇಕು. ಹಗಲು ಅಪ್ಪನನ್ನು ನೋಡಿಕೊಳ್ಳುವ ಪಕ್ಕದ ಮನೆಯ ಅಕ್ಕನಿಗೆ ಜ್ವರ. ರಜೆ ಕೇಳುವ ಮುಖ ನನಗೆ ಉಳಿದಿಲ್ಲ. ಅಪ್ಪನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಮೂರನೆಯ ಮಹಡಿಯಲ್ಲಿ ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸಿದೆ. ಹಳೆಯ ಹಾಡು ಕೇಳಿಕೊಂಡಿರಲಿ ಎಂದು ಅವರ ಫೋನಿಗೆ ಆಸ್ಪತ್ರೆಯ ವೈಫೈ ಪಾಸ್‌ವರ್ಡ್ ಹಾಕಿಕೊಟ್ಟೆ. ಅಷ್ಟರಲ್ಲಿ ಐದನೆಯ ಮಹಡಿಯಿಂದ ಹಿರಿಯ ನರ್ಸ್ ಕರೆದರು. ಅವರ ಟ್ಯಾಬಿನಲ್ಲಿ ರೋಗಿಗಳ ಪಟ್ಟಿ ತೆರೆಯುತ್ತಿರಲಿಲ್ಲ. ಹೋಗಿ ನೋಡಿದರೆ, ಅಕ್ಕಪಕ್ಕದ ಮೂರು ಡಬ್ಬಿಗಳು ಒಂದೇ ಚಾನೆಲ್ಲಿನಲ್ಲಿ ಒಂದರ ಮೇಲೊಂದು ಕಿರುಚಿಕೊಳ್ಳುತ್ತಿದ್ದವು. ಅವನ್ನು ಬೇರೆ ಬೇರೆ ಚಾನೆಲ್ಲಿಗೆ ಹಾಕಿ ಕೆಳಗಿಳಿಯಲು ನಲವತ್ತು ನಿಮಿಷವಾಯಿತು. ಬೆಂಚು ಖಾಲಿ.

ಶೌಚಾಲಯ, ಕ್ಯಾಂಟೀನು, ಔಷಧಿ ಅಂಗಡಿ ಎಲ್ಲ ನೋಡಿದೆ. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ಹೆಣ್ಣುದನಿ. ಕಾವಲಿನವರು ಕ್ಯಾಮೆರಾ ನೋಡಿ, “ಹೊರಗಂತೂ ಹೋಗಿಲ್ಲ ಮೇಡಂ, ಒಳಗೇ ಇದ್ದಾರೆ” ಎಂದರು. ಆರು ಮಹಡಿ, ನಾನೂರು ಬಾಗಿಲು. ಆಮೇಲೆ ಹೊಳೆಯಿತು: ವ್ಯಾಪ್ತಿಯ ಹೊರಗಿರುವುದು ಮೊಬೈಲ್ ಕಂಪನಿಯ ಗೋಪುರಕ್ಕೆ. ನನ್ನ ಡಬ್ಬಿಗಳಿಗಲ್ಲ.

ವೈಫೈಗೆ ಸೇರಿದ ಪ್ರತಿ ಫೋನೂ ಯಾವ ಡಬ್ಬಿಯ ಜೊತೆ ಮಾತಾಡುತ್ತಿದೆ ಎಂಬುದು ನನ್ನ ಪರದೆಯಲ್ಲಿ ಸಾಲಾಗಿ ಬರುತ್ತದೆ. ನಡೆಯುತ್ತ ಹೋದ ಹಾಗೆ ಫೋನು ಒಂದು ಡಬ್ಬಿಯ ಕೈಬಿಟ್ಟು ಇನ್ನೊಂದರ ಕೈಹಿಡಿಯುತ್ತದೆ. ಅಪ್ಪನ ಫೋನು ಮೂರನೆಯ ಮಹಡಿಯ ಓಣಿಯಿಂದ ಹಿಂದಿನ ಮೆಟ್ಟಿಲಿಗೆ, ಅಲ್ಲಿಂದ ಕೆಳಗಿಳಿಯುತ್ತ ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗಿತ್ತು. ಅರ್ಧ ಗಂಟೆಯಿಂದ ಅಲ್ಲೇ. ಸಿಗ್ನಲ್ಲು ಮೈನಸ್ ಎಂಬತ್ತೆರಡು. ಇದರಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ದನಿ ಗಟ್ಟಿ. ಎಂಬತ್ತೆರಡು ಎಂದರೆ ಉಸಿರಿನಷ್ಟು.

ಓಡಿದೆ. ಯಂತ್ರಗಳ ಸದ್ದಿನ ನಡುವೆ ಅಲ್ಲಿನ ಕೆಲಸದಾಕೆ, “ಇಲ್ಲಿ ಯಾವ ಅಜ್ಜನೂ ಬಂದಿಲ್ಲ” ಎಂದರು. ಆ ಹಜಾರದಲ್ಲಿ ಎಲ್ಲಿ ನಿಂತರೂ ದನಿ ಮೈನಸ್ ಅರವತ್ತಕ್ಕಿಂತ ಸಣ್ಣಗಾಗದು. ಡಬ್ಬಿ ಹಾಕುವಾಗ ನಾನೇ ಅಳೆದಿದ್ದೆ. ಹಾಗಾದರೆ ಅಪ್ಪ ಇರುವುದು ಗೋಡೆಯ ಆಚೆ, ಕಬ್ಬಿಣದ ಹಿಂದೆ. “ಆಚೆ ಏನಿದೆ” ಎಂದು ಕೇಳಿದೆ. “ಹಳೇ ದಾಸ್ತಾನು ಕೋಣೆ, ಹಿಂದಿನ ಮೆಟ್ಟಿಲ ಕಡೆಯಿಂದ ದಾರಿ. ಬಾಗಿಲು ತಾನಾಗೇ ಹಾಕ್ಕೊಳ್ಳುತ್ತೆ, ಒಳಗಿಂದ ತೆಗೆಯೋಕಾಗಲ್ಲ” ಎಂದು ಹೇಳುತ್ತಲೇ ಆಕೆ ಆ ಕಡೆ ಓಡಿದರು.

ಇಬ್ಬರೂ ಸೇರಿ ಆ ಕಬ್ಬಿಣದ ಬಾಗಿಲು ಎಳೆದೆವು. ದೀಪ ಉರಿಯುತ್ತಿತ್ತು. ಅಪ್ಪ ಹಾಸಿಗೆ ಹೊದಿಕೆಗಳ ಮೂಟೆಯ ಮೇಲೆ ಕೂತು ದಿಂಬಿನ ಚೀಲ ಮಡಿಸುತ್ತಿದ್ದರು. ನಲವತ್ತು ವರ್ಷ ಅಂಗಡಿಯಲ್ಲಿ ಮಡಿಸಿದ ದರ್ಜಿಯ ಕೈ, ಅಂಚಿಗೆ ಅಂಚು ಕೂಡಿತ್ತು. ಪಕ್ಕದಲ್ಲಿ ಸೊಂಟದೆತ್ತರದ ರಾಶಿ. ತಲೆಯೆತ್ತಿ, “ನಿಮ್ಮಮ್ಮ ಇನ್ನೂ ಬಂದಿಲ್ಲ. ಬರೋದ್ರೊಳಗೆ ಇದಿಷ್ಟು ಮುಗಿಸಿಬಿಡೋಣ ಅಂತ” ಎಂದರು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು ಅಣ್ಣಾ. ಪಕ್ಕದಲ್ಲಿ ಕೂತು ಉಳಿದದ್ದನ್ನು ನಾನೂ ಮಡಿಸಿದೆ. ಆ ಕೆಲಸದಾಕೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು, ಮುಚ್ಚಿಕೊಳ್ಳದ ಹಾಗೆ.

ಮರುದಿನ ಮೇಲಧಿಕಾರಿ ಕರೆದು, ನೆಟ್‌ವರ್ಕಿನ ಪಟ್ಟಿ ಜನರ ಬೆನ್ನು ಹತ್ತಲು ಇರುವುದಲ್ಲ, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದರು. ಅವರು ಹೇಳಿದ್ದು ಸರಿ. ಹೊರಡುವಾಗ, “ತಂದೆ ಹುಷಾರಾಗಿದ್ದಾರಾ” ಎಂದೂ ಕೇಳಿದರು. ದಾಸ್ತಾನು ಕೋಣೆಗೆ ಒಳಗಿನಿಂದ ತೆಗೆಯುವ ಹಿಡಿ ಹಾಕಿಸಿದ್ದಾರೆ. ಈಗ ಮನೆಯಲ್ಲಿ ಅಪ್ಪ ಕೋಣೆ ಬದಲಿಸಿದರೂ ಕಿವಿ ನಿಮಿರುತ್ತದೆ. ಪಾತ್ರೆ ತೊಳೆಯುತ್ತ ಎರಡು ಸಲ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ.

ಬೆನ್ನು ನೋಡಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ನಾನು ಕೇಳದೆಯೇ.

ನಿನ್ನ ತಂಗಿ,
ಬಾಯಿಬಡುಕಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಬರುವುದಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಕೊಟ್ಟಾಗ ಅಪ್ಪ ಲೋಟ ಹಿಡಿದು ಬಹಳ ಮರ್ಯಾದೆಯಿಂದ, “ನೀವು ಯಾರ ಮನೆಯವರಮ್ಮಾ?” ಎಂದು ಕೇಳಿದರು. ನಿನ್ನ ಹೆಸರನ್ನು ಮಾತ್ರ ಇನ್ನೂ ತಪ್ಪದೆ ಹೇಳುತ್ತಾರೆ. ಎಷ್ಟು ದಿನವೋ ಗೊತ್ತಿಲ್ಲ. ನೀನು ಹೇಳಿದ್ದ ರಜೆ ಮೇ ತಿಂಗಳಿಗೆ ಬೇಡ, ಈ ತಿಂಗಳೇ ಹಾಕು. ಅಪ್ಪನಿಗಾಗಿ ಅಷ್ಟೇ ಅಲ್ಲ. ನನಗೂ ಯಾರಾದರೂ ಹೆಸರು ಹಿಡಿದು ಕರೆಯಬೇಕು.